ವೈನರಿಯ ಕೈ ಕಟ್ಟಿದ ಕಾಯ್ದೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ವೈನ್ ಮಾರಲು ಹೊರಟ ವೈನರಿ ಮೊದಲು ತನ್ನ ಪ್ರತಿ ಬ್ರಾಂಡಿಗೂ ಮಾರಾಟದ ಪ್ರದೇಶ ಗುರುತಿಸಬೇಕು. ಆ ಪ್ರದೇಶಕ್ಕೆ ಒಬ್ಬ ಸಗಟು ವ್ಯಾಪಾರಿಯ ಹೆಸರು ಬರೆದುಕೊಡಬೇಕು. ಹೆಸರು ಒಮ್ಮೆ ಕಡತ ಸೇರಿತೆಂದರೆ ಅದನ್ನು ತಾನಾಗಿ ಬದಲಿಸುವ ಹಕ್ಕು ವೈನರಿಗಿಲ್ಲ. ಬದಲಾವಣೆಗೆ ರಾಜ್ಯದ ಕಂದಾಯ ಕಮಿಷನರ್ ಒಪ್ಪಬೇಕು. ಅವರು ಒಪ್ಪಲು ತಕ್ಕ ಕಾರಣ ತೋರಿಸಬೇಕು. ಈ ವ್ಯಾಪಾರಿ ನಮ್ಮ ಸರಕಿನ ಕಡೆ ಗಮನ ಕೊಡುತ್ತಿಲ್ಲ ಎಂದು ಮಾಲೀಕನಿಗೆ ಮನವರಿಕೆಯಾದರೆ ಸಾಲದು, ಅದನ್ನು ಅಧಿಕಾರಿಯ ಮುಂದೆ ಸಾಬೀತು ಮಾಡಬೇಕು. ಸಂಬಂಧ ಕೂಡುವಾಗ ಸ್ವಂತ ಇಚ್ಛೆ, ಬಿಡುವಾಗ ಸರ್ಕಾರದ ಅಪ್ಪಣೆ. ಹತ್ತು ಎಕರೆ ದ್ರಾಕ್ಷಿ ಬೆಳೆದು ತಾನೇ ವೈನ್ ಮಾಡುವ ಕುಟುಂಬಕ್ಕೆ ವಕೀಲರನ್ನು ಹಿಡಿದು ಇಷ್ಟೆಲ್ಲ ನಡೆಸುವ ಶಕ್ತಿ ಎಲ್ಲಿಂದ ಬರಬೇಕು?

ಇಂಥ ಕಾಯ್ದೆಗಳು ಹುಟ್ಟಿದ ಕಾಲಕ್ಕೆ ಅವುಗಳಲ್ಲಿ ನ್ಯಾಯವಿತ್ತು. 1933ರಲ್ಲಿ ಪಾನನಿಷೇಧ ತೆರವಾದ ಮೇಲೆ ಅಲ್ಲಿನ ರಾಜ್ಯಗಳು ತಯಾರಕ, ಸಗಟುದಾರ, ಚಿಲ್ಲರೆ ವ್ಯಾಪಾರಿ ಎಂದು ಮೂರು ಹಂತ ಮಾಡಿದವು. ದೊಡ್ಡ ಕಂಪನಿಗಳ ಎದುರು ಊರಿನ ಸಗಟುದಾರ ಸಣ್ಣವನು. ಗೋದಾಮು ಕಟ್ಟಿ, ಲಾರಿ ಕೊಂಡು, ಬ್ರಾಂಡಿಗೆ ಹೆಸರು ತಂದುಕೊಟ್ಟವನನ್ನು ರಾತ್ರೋರಾತ್ರಿ ಕೈಬಿಡಬಾರದೆಂಬ ಕಾಳಜಿ ಸರಿಯಾದದ್ದೇ. ಆದರೆ ಇಂದು ಲೆಕ್ಕ ತಲೆಕೆಳಗಾಗಿದೆ. 2016ರಲ್ಲಿ ಎರಡು ದೈತ್ಯ ವಿತರಕರು ಒಂದಾಗಿ ಹುಟ್ಟಿದ ಸದರ್ನ್ ಗ್ಲೇಜರ್ಸ್ ಕಂಪನಿ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ವಹಿವಾಟು ನಡೆಸುತ್ತಿದೆ. ಇನ್ನೊಂದು ಬದಿಯಲ್ಲಿ ದೇಶದಾದ್ಯಂತ 10,000ಕ್ಕೂ ಹೆಚ್ಚು ವೈನರಿಗಳಿವೆ, ಬಹುಪಾಲು ಸಣ್ಣವು. ಕಾಯ್ದೆ ಮಾತ್ರ ಇನ್ನೂ ಸಗಟುದಾರನನ್ನೇ ದುರ್ಬಲನೆಂದು ಎಣಿಸುತ್ತದೆ.

ಇಲಿನಾಯ್ 1999ರಲ್ಲಿ ವೈನ್ ಮತ್ತು ಮದ್ಯದ ವಿತರಕರಿಗೆ ಇಂಥದೇ ರಕ್ಷಣೆ ಕೊಟ್ಟಿತು. ಜನ ಅದನ್ನು ಕರೆದದ್ದು ವಿಲಿಯಂ ವರ್ಟ್ಜ್ ಹೆಸರಿನಿಂದ. ಅವರು ಆ ರಾಜ್ಯದ ದೊಡ್ಡ ಮದ್ಯ ವಿತರಣಾ ಕಂಪನಿಯೊಂದರ ಒಡೆಯರು. ಆ ಕಾಯ್ದೆಯ ಫಲ ಯಾರಿಗೆ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಕೆಂಡಾಲ್-ಜಾಕ್ಸನ್ ವೈನರಿ ಹೂಡಿದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯ 2000ದಲ್ಲಿ ಅದಕ್ಕೆ ತಾತ್ಕಾಲಿಕ ತಡೆ ನೀಡಿತು. ವಿಸ್ಕಾನ್ಸಿನ್‌ನಲ್ಲಿ ಮದ್ಯದ ಡೀಲರುಗಳಿಗಿರುವ ರಕ್ಷಣೆ ವೈನ್ ಡೀಲರುಗಳಿಗೆ ಅನ್ವಯಿಸುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಇನ್ನು ದೇಶದ ಅತಿ ದೊಡ್ಡ ವೈನ್ ನಾಡಾದ ಕ್ಯಾಲಿಫೋರ್ನಿಯಾದಲ್ಲಿ ವೈನಿಗೆ ಇಂಥ ಕಾಯ್ದೆಯೇ ಇಲ್ಲ. ಅಲ್ಲಿ ವೈನರಿ ಮತ್ತು ಸಗಟುದಾರ ತಮ್ಮ ಷರತ್ತುಗಳನ್ನು ತಾವೇ ಬರೆದುಕೊಳ್ಳುತ್ತಾರೆ. ಸಗಟು ವ್ಯಾಪಾರ ಅದರಿಂದ ಮುಳುಗಿಲ್ಲ.

ಹೋಲಿಕೆಗೆ ಹೇಳುವುದಾದರೆ, ಕರ್ನಾಟಕದಲ್ಲಿ 2003ರಿಂದ ಮದ್ಯದ ಸಗಟು ವಹಿವಾಟು ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಅದರ ಗುಣದೋಷ ಬೇರೆ ಚರ್ಚೆ. ನಿಗಮ ಸರ್ಕಾರದ್ದು, ಅದರ ಲೆಕ್ಕ ಕೇಳಲು ಸದನವಿದೆ. ಜಾರ್ಜಿಯಾದಲ್ಲಿ ಲಾಭ ಖಾಸಗಿಯವರದು, ಕಾವಲು ಸರ್ಕಾರದ್ದು. ಇದನ್ನು ಸರಿಪಡಿಸಲು ಕಾಯ್ದೆಯನ್ನೇ ಕಿತ್ತೆಸೆಯಬೇಕಿಲ್ಲ. ನ್ಯೂಯಾರ್ಕ್ 2012ರಲ್ಲಿ ಬಿಯರ್ ವಿಷಯದಲ್ಲಿ ಹಾದಿ ತೋರಿಸಿದೆ. ವರ್ಷಕ್ಕೆ 3,00,000 ಬ್ಯಾರೆಲ್‌ಗಿಂತ ಕಡಿಮೆ ತಯಾರಿಸುವ, ಸಗಟುದಾರನ ವಹಿವಾಟಿನಲ್ಲಿ ಶೇ. 3ನ್ನು ಮೀರದ ತಯಾರಕ ಅಲ್ಲಿ ಕಾರಣ ಹೇಳದೆಯೇ ಒಪ್ಪಂದ ಬಿಡಬಹುದು. ಬ್ರಾಂಡಿನ ನ್ಯಾಯಬೆಲೆಯನ್ನು ಮಾತ್ರ ಕೊಟ್ಟು ಹೋಗಬೇಕು. ಸಗಟುದಾರ ಹಾಕಿದ ದುಡ್ಡೂ ಉಳಿಯುತ್ತದೆ, ಸಣ್ಣ ತಯಾರಕನ ಸ್ವಾತಂತ್ರ್ಯವೂ ಉಳಿಯುತ್ತದೆ. ಬಿಯರಿಗೆ ಸಲ್ಲುವ ಈ ನ್ಯಾಯ ವೈನಿಗೂ ಸಲ್ಲಬೇಕು. ಜಾರ್ಜಿಯಾ ಶಾಸನಸಭೆ ಇಂಥದೊಂದು ಕಲಂ ಸೇರಿಸಲಿ. ಸಣ್ಣ ವೈನರಿಗಳು ಅದಕ್ಕಿಂತ ಹೆಚ್ಚೇನನ್ನೂ ಕೇಳಬೇಕಿಲ್ಲ.