ಸೀಸನ್ನೇ ಇಲ್ಲದವರ ಏರಿಳಿತ

ಕಾಲೇಜಿನ ವಾರ್ಷಿಕ ವರದಿಯ ಕೆಲಸ ಎಲ್ಲ ಕಡೆಯೂ ಕೊನೆಗೆ ಕನ್ನಡ ವಿಭಾಗದ ತಲೆಗೇ ಬರುತ್ತದೆ. ಚಂದ್ರಾ ಲೇಔಟ್ ಸುತ್ತಮುತ್ತಲಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೂ ಅದರಿಂದ ಬಿಡುಗಡೆಯಿಲ್ಲ. ಎನ್ನೆಸ್ಸೆಸ್‌ನಿಂದ ಗ್ರಂಥಾಲಯದವರೆಗೆ ಬಂದ ಚೀಟಿಗಳನ್ನೆಲ್ಲ ಕೂಡಿಸಿ, ಕಾಗುಣಿತ ತಿದ್ದಿ, ಕಾಲೇಜ್ ಡೇ ದಿನ ಪ್ರಿನ್ಸಿಪಾಲರು ಉಸಿರು ಕಟ್ಟದೆ ಓದುವ ಹಾಗೆ ಮಾಡಿಕೊಡಬೇಕು. ಈ ಸಲ ಕ್ರೀಡಾ ವಿಭಾಗದ ಚೀಟಿಯಲ್ಲಿ ಹೀಗೊಂದು ವಾಕ್ಯವಿತ್ತು: ‘ನಮ್ಮ ಬ್ಯಾಸ್ಕೆಟ್‌ಬಾಲ್ ತಂಡವು ಈ ಸಾಲಿನಲ್ಲಿ ಏರಿಳಿತದ ಪ್ರದರ್ಶನ ನೀಡಿತು.’ ಕಾಗುಣಿತ ಸರಿ, ವ್ಯಾಕರಣ ಸರಿ. ವಾಕ್ಯ ಮಾತ್ರ ಸುಳ್ಳು.

ಯಾಕೆಂದು ಹೇಳುತ್ತೇನೆ. ನಮ್ಮ ಹುಡುಗರು ವರ್ಷವಿಡೀ ಆಡಿದ್ದು ಒಟ್ಟು ಆರು ಪಂದ್ಯ. ಅಂತರ ಕಾಲೇಜು ಟೂರ್ನಿಯಲ್ಲಿ ಎರಡು: ಮೊದಲನೆಯದನ್ನು ಆರಾಮಾಗಿ ಗೆದ್ದರು, ಮರುದಿನ ಎರಡು ಅಂಕಗಳಿಂದ ಸೋತರು. ಮೂರು ತಿಂಗಳಾದ ಮೇಲೆ ಒಂದು ಆಹ್ವಾನಿತ ಟೂರ್ನಿ, ಅಲ್ಲಿ ಮೊದಲ ಸುತ್ತಿನಲ್ಲೇ ಮನೆಗೆ. ಫೆಬ್ರುವರಿಯಲ್ಲಿ ಇನ್ನೊಂದು ಕಾಲೇಜಿನ ಫೆಸ್ಟ್‌ನಲ್ಲಿ ಎರಡು ಗೆದ್ದು ಸೆಮಿಫೈನಲ್‌ನಲ್ಲಿ ಸೋಲು. ಮೂರು ಗೆಲುವು, ಮೂರು ಸೋಲು. ಮೂರೂ ನಾಕೌಟ್ ಟೂರ್ನಿಗಳು. ನಾಕೌಟ್‌ನಲ್ಲಿ ಕಪ್ ಗೆದ್ದ ಒಂದು ತಂಡವನ್ನು ಬಿಟ್ಟರೆ ಮಿಕ್ಕೆಲ್ಲರೂ ಒಂದೊಂದು ಸಲ ಸೋತೇ ಸೋಲುತ್ತಾರೆ. ಅದಕ್ಕಿಂತ ಹೆಚ್ಚು ಸೋಲಲು ಅಲ್ಲಿ ಅವಕಾಶವೇ ಇಲ್ಲ. ಹಾಗಾಗಿ ‘ಮೂರು ಸೋಲು’ ಎಂಬುದರ ಅರ್ಥ ನಮ್ಮ ತಂಡ ಮೂರು ಟೂರ್ನಿಗೆ ಹೋಗಿತ್ತು ಎಂದಷ್ಟೇ. ಇದನ್ನು ಏರಿಳಿತ ಎನ್ನುವುದು, ವರ್ಷಕ್ಕೆ ಮೂರು ಸಲ ಒಲೆ ಹಚ್ಚುವವನ ಕೈರುಚಿಯ ಮೇಲೆ ವಿಮರ್ಶೆ ಬರೆದ ಹಾಗೆ.

ನಾಕೌಟ್‌ನ ಲೆಕ್ಕ ಬಹಳ ಸರಳ, ಅಷ್ಟೇ ಕ್ರೂರ. 32 ತಂಡಗಳು ಬಂದವು ಎಂದುಕೊಳ್ಳಿ. ವಿಜೇತರು ಯಾರೆಂದು ತಿಳಿಯಲು 31 ಪಂದ್ಯ ಸಾಕು. ಅದರಲ್ಲಿ 16 ತಂಡಗಳು ಒಂದೇ ಪಂದ್ಯ ಆಡಿ ಬ್ಯಾಗ್ ಎತ್ತಿಕೊಳ್ಳುತ್ತವೆ. ಇನ್ನೆಂಟು ತಂಡಗಳಿಗೆ ಎರಡು. ಅಂದರೆ ಬಂದವರಲ್ಲಿ ಮುಕ್ಕಾಲು ಪಾಲು ತಂಡಗಳ ಒಂದು ವರ್ಷದ ಬೆವರಿಗೆ ಸಿಗುವುದು ನಲವತ್ತು ನಿಮಿಷ, ಹೆಚ್ಚೆಂದರೆ ಎಂಬತ್ತು. ಟೂರ್ನಿ ನಡೆಸುವವರಿಗೆ ಇದು ಅನುಕೂಲ. ಎರಡು ಮೂರು ದಿನದಲ್ಲಿ ಎಲ್ಲ ಮುಗಿಯುತ್ತದೆ, ಅತಿಥಿಗಳು ಬರುತ್ತಾರೆ, ಫೋಟೊ ಆಗುತ್ತದೆ. ಆಡುವವರಿಗೆ ಇದರಿಂದ ಏನು ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದರೆ ಆರ್‌ಸಿಬಿಯ ಮೊರೆ ಹೋಗುವುದೇ ಒಳ್ಳೆಯದು. 2024ರ ಐಪಿಎಲ್ ನೆನಪಿದೆಯಲ್ಲ? ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋಲು. ವಿಜಯನಗರದ ಟೀ ಅಂಗಡಿಗಳಲ್ಲಿ ಆ ತಂಡದ ತಿಥಿಯೂಟವೇ ಆಗಿಹೋಗಿತ್ತು. ಆಮೇಲೆ ಸಾಲಾಗಿ ಆರು ಗೆಲುವು; ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು ಸೋಲಿಸಿ ಪ್ಲೇಆಫ್‌ಗೆ ಹೋದರು. ಏರಿಳಿತ ಅಂದರೆ ಅದು. ಇಳಿಯಲು ಎಂಟು ಪಂದ್ಯ ಇತ್ತು, ಏರಲು ಆರು ಇತ್ತು. ನಮ್ಮ ಕಾಲೇಜುಗಳ ನಿಯಮ ಐಪಿಎಲ್‌ಗೆ ಇದ್ದಿದ್ದರೆ ಮಾರ್ಚ್ 22ರ ಮೊದಲ ಪಂದ್ಯ ಸೋತ ಕೂಡಲೇ ಕೊಹ್ಲಿ ಮನೆಗೆ ಹೋಗಿ ಮಗುವನ್ನು ಆಡಿಸುತ್ತಿದ್ದರು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ದಿನದ ಆಟ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೂ ಲೆಕ್ಕ ಇದೆ. ದೂರದಿಂದ, ಅಂದರೆ ಮೂರು ಅಂಕದ ಗೆರೆಯಾಚೆಯಿಂದ, ಮೂರರಲ್ಲಿ ಒಂದನ್ನು ಬುಟ್ಟಿಗೆ ಹಾಕುವ ಹುಡುಗ ಕಾಲೇಜು ಮಟ್ಟದಲ್ಲಿ ಒಳ್ಳೆಯ ಶೂಟರೇ. ಅವನು ಎಂಟು ಸಲ ಎಸೆದರೆ ಎಂಟೂ ತಪ್ಪುವ ಸಾಧ್ಯತೆ ನೂರರಲ್ಲಿ ಸುಮಾರು ನಾಲ್ಕು. ಕಡಿಮೆಯೇ. ಆದರೂ ಮೂವತ್ತು ಪಂದ್ಯ ಆಡುವವನಿಗೆ ಅಂಥ ಒಂದು ದಿನ ಬಂದೇ ಬರುತ್ತದೆ ಎನ್ನಬಹುದು, ಬಂದು ಮರೆತೂ ಹೋಗುತ್ತದೆ. ನಮ್ಮ ಹುಡುಗನಿಗೆ ಅದು ಬಂದದ್ದು ಅಂತರ ಕಾಲೇಜು ಟೂರ್ನಿಯ ಎರಡನೇ ದಿನ. ಅವನ ಪಾಲಿಗೆ ಈ ವರ್ಷ ಅಂದರೆ ಆ ಮಧ್ಯಾಹ್ನ. ‘ಮೇಡಂ, ಅವತ್ತೊಂದು ದಿನ ಕೈ ಹಿಡೀಲಿಲ್ಲ’ ಅಂದ. ಅವನು ಕೊನೆಯ ಸೆಮಿಸ್ಟರ್. ಆ ‘ಅವತ್ತೊಂದು ದಿನ’ವನ್ನು ಅಳಿಸಿಹಾಕಲು ಅವನಿಗೆ ಇನ್ನೊಂದು ದಿನವನ್ನು ಯಾರೂ ಇಟ್ಟಿಲ್ಲ.

ತಂಡ ಅಂದರೆ ಯಾರು ಎಂಬುದನ್ನೂ ನೋಡಬೇಕು. ನಿಯಮದಂತೆ ಹನ್ನೆರಡು ಮಂದಿಯ ಹೆಸರು ಕೊಡಬಹುದು. ನಮ್ಮಲ್ಲಿ ಅಭ್ಯಾಸಕ್ಕೆ ಬರುವವರು ಎಂಟು. ಇಬ್ಬರು ಮಾಗಡಿ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾರೆ. ಒಬ್ಬ ಸಂಜೆ ನಾಗರಭಾವಿಯ ಮನೆಮನೆಗೆ ಊಟದ ಪೊಟ್ಟಣ ತಲುಪಿಸಿ ರಾತ್ರಿ ಹನ್ನೊಂದಕ್ಕೆ ಮಲಗುತ್ತಾನೆ. ಸಿಮೆಂಟ್ ಅಂಕಣ. ಮಳೆ ಬಂದರೆ ಎರಡು ದಿನ ಆಡುವ ಹಾಗಿಲ್ಲ. 3.05 ಮೀಟರ್ ಎತ್ತರದಲ್ಲಿರಬೇಕಾದ ರಿಂಗು ಯಾರೋ ನೇತಾಡಿದ್ದರಿಂದ ಮುಂದಕ್ಕೆ ಬಾಗಿದೆ. ಆ ಬಾಗಿದ ರಿಂಗಿಗೆ ಕೈ ಹೊಂದಿಸಿಕೊಂಡ ಹುಡುಗರು ನೆಟ್ಟಗಿರುವ ರಿಂಗಿನ ಮುಂದೆ ಹೋಗಿ ತಬ್ಬಿಬ್ಬಾಗುತ್ತಾರೆ. ಒಬ್ಬನಿಗೆ ಐದು ಫೌಲ್ ಆದರೆ ಅವನು ಹೊರಗೆ. ಎಂಟರಲ್ಲಿ ಇಬ್ಬರು ಹೀಗೆ ಹೊರಟರೆ ಕೊನೆಯ ಕ್ವಾರ್ಟರ್‌ನಲ್ಲಿ ಉಳಿದವರ ಕಾಲು ಏಳುವುದಿಲ್ಲ. ಅದರ ಮೇಲೆ ಇಂಟರ್ನಲ್ಸ್, ಅದರ ಮೇಲೆ ಶೇ 75ರ ಅಟೆಂಡೆನ್ಸ್. ಇಷ್ಟೆಲ್ಲ ಇದ್ದೂ ಮೂರು ಪಂದ್ಯ ಗೆದ್ದರಲ್ಲ! ವರದಿಯಲ್ಲಿ ಬರೆಯುವುದಾದರೆ ಅದನ್ನು ಬರೆಯಬೇಕು.

ಇದರ ಜೊತೆಗೆ ಒಂದು ಪದ್ಧತಿ ಇದೆ, ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತು. ಸ್ಪೋರ್ಟ್ಸ್ ಕೋಟಾದಲ್ಲಿ ಹೆಸರು ಹಚ್ಚಿಸಿಕೊಂಡ, ಬೇರೆಲ್ಲೋ ಕ್ಲಬ್ಬಿನಲ್ಲಿ ಪಳಗಿದ ಆಟಗಾರ ಟೂರ್ನಿಗೆ ಎರಡು ದಿನ ಮುಂಚೆ ಬಂದು ಜೆರ್ಸಿ ತೊಡುತ್ತಾನೆ. ಬಂದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬಡವರ ಮನೆಯವನು, ಆಟದಿಂದ ಅವನಿಗೆ ಫೀಸು ಉಳಿಯುತ್ತದೆ, ನಾಳೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸ ಸಿಗಬಹುದು. ಆದರೆ ಒಂದು ವರ್ಷ ಬೆಳಗಿನ ಆರೂವರೆಗೆ ಬಂದವನು ಬೆಂಚಿನ ಮೇಲೆ ಟವೆಲ್ ಹಿಡಿದು ಕೂರುತ್ತಾನೆ. ಪಂಪಭಾರತದಲ್ಲಿ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟಿದಾಗ ಕರ್ಣ ಕೆರಳಿ ಮುದುಕನನ್ನು ಹಂಗಿಸುತ್ತಾನೆ. ಭೀಷ್ಮ ಸಿಟ್ಟಾಗದೆ, ನಿನ್ನ ಸರದಿಯೂ ಬರುತ್ತದೆ ಕಣಪ್ಪಾ ಎನ್ನುವ ಅರ್ಥದ ಮಾತಾಡುತ್ತಾನೆ. ಪಂಪ ಅಲ್ಲಿ ಬಳಸುವ ಪದ ‘ಸೂಳ್’. ಆ ಭಾಗ ಪಾಠ ಮಾಡುವಾಗಲೆಲ್ಲ ನನಗೆ ಈ ಬೆಂಚು ಕಣ್ಣಿಗೆ ಬರುತ್ತದೆ. ಭೀಷ್ಮ ಹಾಗೆ ಹೇಳಬಲ್ಲ, ಏಕೆಂದರೆ ಎದುರಿಗಿದ್ದದ್ದು ಹದಿನೆಂಟು ದಿನದ ಯುದ್ಧ. ಹತ್ತು ದಿನ ಅವನು, ಐದು ದಿನ ದ್ರೋಣ, ಆಮೇಲೆ ಕರ್ಣನಿಗೆ ಸೂಳು ಬಂತು. ನಲವತ್ತು ನಿಮಿಷಕ್ಕೆ ಮುಗಿಯುವ ಯುದ್ಧದಲ್ಲಿ ಯಾವ ಭೀಷ್ಮ ಯಾರಿಗೆ ಸಮಾಧಾನ ಹೇಳುವುದು?

ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಸ್ವತಃ ಆಡಿದವರು. ‘ನೋಡಿ ಮೇಡಂ, ನ್ಯಾಕ್‌ನವರು ಬಂದರೆ ಕೇಳೋದು ಎಷ್ಟು ಮೆಡಲ್, ಎಷ್ಟು ಈವೆಂಟ್ ಅಂತ. ಎಷ್ಟು ಹುಡುಗರು ಆಡಿದ್ರು ಅಂತ ಬರೆಯೋಕೆ ನಂಗೆ ಕಾಲಂ ಎಲ್ಲಿದೆ?’ ಎಂದರು. ಅವರ ಮಾತಿನಲ್ಲಿ ಹುರುಳಿದೆ. ನ್ಯಾಕ್ ದಾಖಲೆಗಳಲ್ಲಿ ಪದಕ, ಪ್ರಶಸ್ತಿಗಳ ಸಂಖ್ಯೆಗೆ ಒಂದು ಜಾಗ, ಭಾಗವಹಿಸಿದ ಕ್ರೀಡಾಕೂಟ, ಸಾಂಸ್ಕೃತಿಕ ಸ್ಪರ್ಧೆಗಳ ಸಂಖ್ಯೆಗೆ ಇನ್ನೊಂದು ಜಾಗ. ಮೂರು ವರ್ಷ ದಿನಾ ಬೆಳಿಗ್ಗೆ ಚೆಂಡು ಪುಟಿಸಿದ ಹುಡುಗ ಆ ಕಾಗದದಲ್ಲಿ ಸೊನ್ನೆ. ಎರಡು ದಿನಕ್ಕೆ ಬಂದು ಕಪ್ ತಂದವನು ಒಂದು.

ಆಟ ಹುಟ್ಟಿದ ರೀತಿಯನ್ನು ನೋಡಿದರೆ ಇದು ಇನ್ನೂ ವಿಚಿತ್ರ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಚಳಿಗಾಲದಲ್ಲಿ ಒಳಗೆ ಆಡಿಸಲು ಏನಾದರೂ ಬೇಕೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಇದನ್ನು ಶುರುಮಾಡಿದರು. ಆಗ ತಂಡಕ್ಕೆ ಎಷ್ಟು ಜನ ಗೊತ್ತೆ? ಒಂಬತ್ತು. ಕಾರಣ, ಅವರ ಕ್ಲಾಸಿನಲ್ಲಿದ್ದದ್ದು ಹದಿನೆಂಟು ಹುಡುಗರು. ಯಾರೂ ಸುಮ್ಮನೆ ಕೂರಬಾರದು. ಮೊದಲ ಪಂದ್ಯ ಮುಗಿದದ್ದು 1–0ಯಲ್ಲಿ. ಪ್ರದರ್ಶನದ ಗುಣಮಟ್ಟ ಹೇಗಿತ್ತೆಂದು ನೀವೇ ಊಹಿಸಿ.

ಅದೇ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮಾರ್ಚ್ ತಿಂಗಳ ನಾಕೌಟನ್ನು ನಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೋಡುತ್ತಾರೆ. 68 ತಂಡ, ಸೋತರೆ ಮನೆಗೆ. ಅವರು ನೋಡದೆ ಇರುವುದು ಅದಕ್ಕೆ ಮುಂಚಿನ ನಾಲ್ಕು ತಿಂಗಳನ್ನು. ನವೆಂಬರ್‌ನಿಂದ ಅಲ್ಲಿಯ ಒಂದೊಂದು ತಂಡವೂ ಸುಮಾರು 30 ಪಂದ್ಯ ಆಡಿರುತ್ತದೆ. ಅಲ್ಲಿಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕಾಲೇಜು ಆಟವೆಂದರೆ ದೊಡ್ಡ ವ್ಯಾಪಾರ. ತನ್ನ ಹೆಸರು, ಮುಖದಿಂದ ಬರುವ ದುಡ್ಡಿನಲ್ಲಿ ಆಟಗಾರನಿಗೂ ಪಾಲು ಸಿಗುವಂತಾದದ್ದೇ 2021ರಲ್ಲಿ. ನಾವು ಅವರಿಂದ ಊಟ ಬಿಟ್ಟು ಮೊಸರನ್ನದ ಕೊನೆಯ ತುತ್ತನ್ನಷ್ಟೇ ಎತ್ತಿಕೊಂಡಿದ್ದೇವೆ.

ಇದರ ಬೆಲೆ ಕಾಲೇಜಿಗೇ ನಿಲ್ಲುವುದಿಲ್ಲ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಕಂಠೀರವ ಒಳಾಂಗಣ ಕ್ರೀಡಾಂಗಣ ನಡಿಗೆಯ ದೂರ. 2017ರ ಜುಲೈನಲ್ಲಿ ಭಾರತದ ಮಹಿಳಾ ತಂಡ ಅಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದು ಎ ವಿಭಾಗಕ್ಕೆ ಏರಿತು. ಎರಡು ವರ್ಷದ ನಂತರ, 2019ರಲ್ಲಿ, ಅದೇ ಬೆಂಗಳೂರಿನಲ್ಲಿ ಜಪಾನ್, ಚೀನಾ, ಆಸ್ಟ್ರೇಲಿಯಾಗಳಿದ್ದ ಎಂಟು ತಂಡಗಳ ನಡುವೆ ಎಂಟನೆಯದಾಯಿತು. ಇದಕ್ಕೂ ಏರಿಳಿತ ಎಂದೇ ಹೆಸರಿಟ್ಟರು. ಆ ಎರಡು ವರ್ಷಗಳ ನಡುವೆ ಆ ಹೆಣ್ಣುಮಕ್ಕಳಿಗೆ ಆಡಲು ಈ ದೇಶದಲ್ಲಿ ತಿಂಗಳುಗಟ್ಟಲೆ ನಡೆಯುವ ಒಂದು ಲೀಗ್ ಇರಲಿಲ್ಲ ಎಂಬುದನ್ನು ಯಾರೂ ಅದರ ಪಕ್ಕದಲ್ಲಿ ಬರೆಯಲಿಲ್ಲ.

ಅಂದ ಹಾಗೆ, ನನ್ನ ಕೈಗೆ ಬಂದ ಚೀಟಿಯಲ್ಲಿ ಹುಡುಗಿಯರ ತಂಡದ ಬಗ್ಗೆ ಏರಿಳಿತವೂ ಇರಲಿಲ್ಲ, ಏನೂ ಇರಲಿಲ್ಲ. ಐದನೆಯವಳು ಸಿಗದೆ ವಾಕ್‌ಓವರ್ ಕೊಟ್ಟರು. ಆಡಲು ಮನಸ್ಸಿದ್ದವರು ನಾಲ್ಕು ಮಂದಿ ಇದ್ದರು. ನಾಲ್ಕು ಮಂದಿ ಅಂದರೆ ತ್ರೀ-ಆನ್-ತ್ರೀಗೆ ಸರಿಯಾಗಿ ಒಂದು ತಂಡ: ಅಂಕಣದ ಅರ್ಧ, ಒಂದೇ ರಿಂಗು, ಮೂವರು ಆಡುತ್ತಾರೆ, ಒಬ್ಬಳು ಬದಲಿ, ಹತ್ತು ನಿಮಿಷ ಅಥವಾ ಯಾರು ಮೊದಲು 21 ಅಂಕ ತಲುಪುತ್ತಾರೋ ಅಲ್ಲಿಗೆ. ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲೇ ಇದೆ. ನಮ್ಮ ಕಾಲೇಜಿಗೆ ಇನ್ನೂ ಬಂದಿಲ್ಲ.

‘ಲೀಗ್ ಎಲ್ಲ ಚೆಂದ, ದುಡ್ಡು ಎಲ್ಲಿಂದ?’ ಎಂದು ಕೇಳುವವರಿಗೆ ನನ್ನ ಹತ್ತಿರ ಒಂದು ಹಾಳೆ ಇದೆ. ಆರು ಕಾಲೇಜು ಸಾಕು. ವಿಜಯನಗರ, ನಾಗರಭಾವಿ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಮತ್ತು ನಾವು. ಎಲ್ಲರೂ ಒಂದು ಬಸ್ಸು ಅಥವಾ ಒಂದು ಮೆಟ್ರೊ ದೂರದಲ್ಲಿ. ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಎರಡು ಸಲ, ಒಂದು ತಮ್ಮ ಅಂಕಣದಲ್ಲಿ, ಒಂದು ಅವರ ಅಂಕಣದಲ್ಲಿ. ಒಟ್ಟು 30 ಪಂದ್ಯ, ತಂಡಕ್ಕೆ ಹತ್ತು. ಶನಿವಾರಕ್ಕೆ ಮೂರು ಪಂದ್ಯದಂತೆ ಹತ್ತು ಶನಿವಾರ. ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ವಾರಗಳನ್ನು ಬಿಟ್ಟರೂ ಹತ್ತು ಶನಿವಾರ ಸಿಗುತ್ತವೆ. ಖರ್ಚು ಅಂದರೆ ಇಬ್ಬರು ರೆಫರಿಗಳ ಸಂಭಾವನೆ, ಚೆಂಡು, ಬಾಳೆಹಣ್ಣು, ಗ್ಲೂಕೋಸ್. ಅಡ್ಮಿಷನ್ ದಿನ ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಕ್ರೀಡಾ ಶುಲ್ಕ ಎಂದು ತೆಗೆದುಕೊಳ್ಳುತ್ತೇವಲ್ಲ, ಆ ರಸೀತಿ ನೋಡಿಕೊಂಡು ಆಮೇಲೆ ದುಡ್ಡಿಲ್ಲ ಅನ್ನಿ. ವಿಶ್ವವಿದ್ಯಾಲಯದ ಸುತ್ತೋಲೆಗೆ ಕಾಯಬೇಕಿಲ್ಲ. ಆರು ಪ್ರಿನ್ಸಿಪಾಲರು ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಅಭ್ಯಾಸಕ್ಕೆ ಬಂದವರೇ ಆಡಬೇಕು ಎಂಬ ಒಂದು ನಿಯಮ ಮಾತ್ರ ಮೊದಲೇ ಬರೆದು ಸಹಿ ಹಾಕಿಕೊಳ್ಳಲಿ.

ಹತ್ತರಲ್ಲಿ ಹತ್ತೂ ಸೋತರೆ? ಸೋಲಲಿ. ಒಂಬತ್ತು ಸೋತು ಹತ್ತನೆಯದನ್ನು ಗೆದ್ದ ತಂಡದ ಬಗ್ಗೆ ಬರೆಯಲು ನನಗೆ ಎರಡು ಪುಟ ಬೇಕಾಗುತ್ತದೆ.

ವರದಿಯ ಆ ವಾಕ್ಯವನ್ನು ಹೊಡೆದುಹಾಕಿ ‘ನಮ್ಮ ತಂಡಕ್ಕೆ ಈ ವರ್ಷ ಆರು ಪಂದ್ಯ ಆಡಲು ಅವಕಾಶ ಸಿಕ್ಕಿತು’ ಎಂದು ಬರೆದು ಕಳಿಸಿದ್ದೇನೆ, ಜೊತೆಗೆ ಈ ಹಾಳೆಯನ್ನೂ. ಮಳೆಯ ತಾಪತ್ರಯ ಇರದ ಫೆಬ್ರುವರಿಯಿಂದ ಶುರುಮಾಡಬಹುದು. ಪ್ರತಿ ಶನಿವಾರ ಮೊದಲು ಹುಡುಗಿಯರ ತ್ರೀ-ಆನ್-ತ್ರೀ. ಮೂರು ಗಂಟೆಗೆ ಸಿಮೆಂಟು ಕಾದಿರುತ್ತದೆ, ಆದ್ದರಿಂದ ನಾಲ್ಕಕ್ಕೆ. ಅದಕ್ಕೆ ಮುಂಚೆ ಆ ರಿಂಗನ್ನು ಯಾರಾದರೂ ನೆಟ್ಟಗೆ ಮಾಡಿಸಬೇಕು.