ಮಾತಾಡಬಾರದ ಮಿತ್ರ

ಗಂಗಾನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ನಿವೃತ್ತ ಸುಬೇದಾರರು, ಹಾಸನದ ಕಡೆಯವರು. ನನ್ನ ಪಿಎಚ್.ಡಿ. ಸೇನಾ ನ್ಯಾಯಾಲಯಗಳ ಬಗ್ಗೆ ಎಂದು ಗೊತ್ತಾದ ಮೇಲೆ ಒಂದು ಸಂಜೆ ತಾವಾಗಿಯೇ ಹೇಳಿದರು: "ನಾನು ಎರಡು ಸಲ ಕೋರ್ಟ್ ಮಾರ್ಷಲ್‌ನಲ್ಲಿ ಕೂತಿದ್ದೀನಮ್ಮ. ಎರಡು ಸಲಾನೂ ಬಾಯಿ ಬಿಡಲಿಲ್ಲ." ಹೆದರಿಕೆಯಾಗಿತ್ತಾ ಅಂಕಲ್ ಎಂದೆ. "ಹೆದರಿಕೆ ಅಲ್ಲ. ಅಲ್ಲಿ ನನ್ನ ಡ್ಯೂಟಿನೇ ಸುಮ್ಮನೆ ಕೂತಿರೋದು."

ಅವರು ಹೇಳಿದ್ದು ನಿಜ. 1950ರ ಸೇನಾ ಕಾಯ್ದೆಯ 116ನೇ ಕಲಮು ಓದಿ. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಜೊತೆಗೆ ಇಬ್ಬರು ಅಧಿಕಾರಿಗಳೋ ಜೆಸಿಒಗಳೋ ಹಾಜರಿರಬೇಕು. ಅವರಿಗೆ ಪ್ರಮಾಣವಚನ ಇಲ್ಲ, ಮತವಿಲ್ಲ. ಸಾಕ್ಷಿಗಳನ್ನು ಪ್ರಶ್ನಿಸುವವರು ಆ ಕಮಾಂಡಿಂಗ್ ಆಫೀಸರ್. ತೀರ್ಪು ಕೊಡುವವರೂ ಅವರೇ, ಶಿಕ್ಷೆ ವಿಧಿಸುವವರೂ ಅವರೇ. ಅವರು ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದವರೆಗೆ ಜೈಲು ಕೊಡಬಹುದು, ಸೇವೆಯಿಂದ ವಜಾ ಮಾಡಬಹುದು. 161ನೇ ಕಲಮಿನ ಪ್ರಕಾರ ಆ ಶಿಕ್ಷೆಗೆ ಮೇಲಿನವರ ದೃಢೀಕರಣ ಬೇಕಿಲ್ಲ, ಕೂಡಲೇ ಜಾರಿಯಾಗುತ್ತದೆ. ಈ ವಿಚಾರಣೆಗೆ ಒಳಪಡುವವರು ಜೆಸಿಒ ದರ್ಜೆಗಿಂತ ಕೆಳಗಿನವರು ಮಾತ್ರ, ಅಂದರೆ ಸಿಪಾಯಿಯಿಂದ ಹವಾಲ್ದಾರನವರೆಗೆ.

ಆರೋಪಿಗೆ ವಕೀಲ? 1954ರ ಸೇನಾ ನಿಯಮಗಳಲ್ಲಿ 129ನೇ ನಿಯಮವಿದೆ. ಆರೋಪಿ ತನ್ನ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದು. ಅವರಿಗೆ 'ಫ್ರೆಂಡ್ ಆಫ್ ದಿ ಅಕ್ಯೂಸ್ಡ್' ಎಂದು ಹೆಸರು, ಆರೋಪಿಯ ಮಿತ್ರ. ಆತ ವಕೀಲನೂ ಆಗಿರಬಹುದು. ಆರೋಪಿಯ ಕಿವಿಯಲ್ಲಿ ಸಲಹೆ ಹೇಳಬಹುದು, ಕೇಳಬೇಕಾದ ಪ್ರಶ್ನೆ ಸೂಚಿಸಬಹುದು. ಆದರೆ ಸಾಕ್ಷಿಯನ್ನು ತಾನು ಪ್ರಶ್ನಿಸುವಂತಿಲ್ಲ, ಪಾಟೀಸವಾಲು ಮಾಡುವಂತಿಲ್ಲ, ನ್ಯಾಯಾಲಯವನ್ನು ಉದ್ದೇಶಿಸಿ ಒಂದು ಮಾತೂ ಆಡುವಂತಿಲ್ಲ. ಇನ್ನು ಪಾಟೀಸವಾಲು ಹಾಕಬೇಕಾದವನು ಯಾರು? ನಿನ್ನೆಯವರೆಗೆ ಅದೇ ಸಾಹೇಬರ ಮುಂದೆ ಸೆಲ್ಯೂಟ್ ಹೊಡೆದು ನಿಂತಿದ್ದ ಇಪ್ಪತ್ತೆರಡರ ಹುಡುಗ.

ಗಂಗಾನಗರದಲ್ಲಿ ಕೂತು ನೋಡಿದರೆ ಇದರ ಅಸಂಗತತೆ ಇನ್ನೂ ಸ್ಪಷ್ಟ. ಬಳ್ಳಾರಿ ರಸ್ತೆಯ ಹೆಬ್ಬಾಳದ ಕಡೆಗೆ ವಾಯುಪಡೆಯ ತರಬೇತಿ ಕಮಾಂಡ್‌ನ ಮುಖ್ಯ ಕಚೇರಿಯಿದೆ. ಇನ್ನೊಂದು ಕಡೆ, ಜೆ.ಸಿ. ನಗರದಲ್ಲಿ, ಭೂಸೇನೆಯ ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರವಿದೆ. 1950ರ ವಾಯುಪಡೆ ಕಾಯ್ದೆಯಲ್ಲಿ ಸಮರಿ ಕೋರ್ಟ್ ಮಾರ್ಷಲ್ ಎಂಬುದೇ ಇಲ್ಲ. ಭೂಸೇನೆಯ ಕಾಯ್ದೆಯಲ್ಲಿ ಇದೆ. ಒಂದು ಗೇಟಿನೊಳಗೆ ಶಿಸ್ತಿಗೆ ಬೇಡವಾದದ್ದು ಇನ್ನೊಂದು ಗೇಟಿನೊಳಗೆ ಅನಿವಾರ್ಯ ಹೇಗಾಯಿತು? ಯುದ್ಧವಿಮಾನ ಹಾರಿಸುವ ಪಡೆಗೆ ಶಿಸ್ತು ಕಡಿಮೆ ಸಾಕೆಂದೇ?

ಉತ್ತರ ಇತಿಹಾಸದಲ್ಲಿದೆ. 1857ರ ದಂಗೆಯ ನಂತರ ದೇಶೀ ಸಿಪಾಯಿಯನ್ನು ಹದ್ದುಬಸ್ತಿನಲ್ಲಿಡಲು ಬ್ರಿಟಿಷರು ಬೆಳೆಸಿದ ವ್ಯವಸ್ಥೆ ಇದು. ತಮ್ಮ ಗೋರಾ ಸೈನಿಕರಿಗೆ ಇದನ್ನು ಅನ್ವಯಿಸಲಿಲ್ಲ. ಸ್ವತಂತ್ರ ಭಾರತ ಅದನ್ನು ಹಾಗೇ ಎತ್ತಿಟ್ಟುಕೊಂಡಿತು.

ಇನ್ನೊಂದು ಕೋರ್ಟ್ ಮಾರ್ಷಲ್ ನೆನಪಿಸಿಕೊಳ್ಳಿ. 1945ರ ನವೆಂಬರ್, ಕೆಂಪುಕೋಟೆ. ಆಜಾದ್ ಹಿಂದ್ ಫೌಜಿನ ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರ್‌ಬಕ್ಷ್ ಸಿಂಗ್ ಧಿಲ್ಲೋನ್ ಕಟಕಟೆಯಲ್ಲಿದ್ದರು. ರಾಜನ ವಿರುದ್ಧ ಯುದ್ಧ ಹೂಡಿದ ಆರೋಪ. ಅವರ ಪರವಾಗಿ ಭೂಲಾಭಾಯಿ ದೇಸಾಯಿ ನಿಂತು ವಾದಿಸಿದರು. ನೆಹರೂ ಎಷ್ಟೋ ವರ್ಷಗಳ ನಂತರ ವಕೀಲರ ಗೌನು ತೊಟ್ಟು ಬಂದರು. ಅದು ಜನರಲ್ ಕೋರ್ಟ್ ಮಾರ್ಷಲ್, ಅದಕ್ಕೂ ಸಮರಿಗೂ ವ್ಯತ್ಯಾಸವಿದೆ ಎಂದು ಕಾನೂನು ಬಲ್ಲವರು ತಿದ್ದಬಹುದು. ನನ್ನ ತಕರಾರು ಇರುವುದೇ ಅಲ್ಲಿ. ಸಾಮ್ರಾಜ್ಯದ ಮೇಲೆ ಯುದ್ಧ ಸಾರಿದವರ ವಕೀಲರಿಗೆ ಸಾಮ್ರಾಜ್ಯದ ಸೇನಾ ನ್ಯಾಯಾಲಯದಲ್ಲಿ ಬಾಯಿತ್ತು. ಗಣರಾಜ್ಯದಲ್ಲಿ ರಜೆ ಮುಗಿದ ಮೇಲೆ ತಡವಾಗಿ ಬಂದ ಸಿಪಾಯಿಯ ವಕೀಲನಿಗೆ ಅದಿಲ್ಲ.

ಶಿಸ್ತಿನ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಆದರೆ ಅದು ಕರ್ತವ್ಯ ಮತ್ತು ಶಿಸ್ತಿಗೆ ಎಷ್ಟು ಬೇಕೋ ಅಷ್ಟಕ್ಕೆ. ಸಾಕ್ಷಿಗೆ ವಕೀಲ ನಾಲ್ಕು ಪ್ರಶ್ನೆ ಕೇಳಿದರೆ ಯಾವ ಗಡಿ ಕುಸಿಯುತ್ತದೆ? ಸಮರಿ ಕೋರ್ಟ್ ಮಾರ್ಷಲ್ ಅಪವಾದವಾಗಿ ಮಾತ್ರ ಬಳಸಬೇಕಾದದ್ದು, ತುರ್ತು ಏನಿತ್ತೆಂದು ಕಾರಣ ಕೊಡಬೇಕು ಎಂದು 2016ರಲ್ಲಿ ವಿಶ್ವ ಪ್ರಿಯ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ತಪ್ಪಾದರೆ ಮೇಲೆ ಸರಿಪಡಿಸುತ್ತಾರಲ್ಲ ಎನ್ನುತ್ತಾರೆ. ಸರಿಪಡಿಸಿದ್ದಾರೆ, ಹೌದು. ರಣಜಿತ್ ಠಾಕೂರ್ ಎಂಬ ಸಿಗ್ನಲ್‌ಮನ್ ತನ್ನ ಕಮಾಂಡಿಂಗ್ ಆಫೀಸರ್ ಮೇಲೆ ನೇರವಾಗಿ ಮೇಲಧಿಕಾರಿಗಳಿಗೆ ದೂರು ಬರೆದ. ಅದಕ್ಕೆ 28 ದಿನಗಳ ಶಿಕ್ಷೆಯಾಯಿತು. ಆ ಶಿಕ್ಷೆ ಅನುಭವಿಸುತ್ತಿದ್ದಾಗ, 1985ರಲ್ಲಿ, ಊಟ ಮಾಡು ಎಂಬ ಆದೇಶವನ್ನು ಪಾಲಿಸಲಿಲ್ಲ. ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಅದೇ ಅಧಿಕಾರಿ ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕೂತರು. ಒಂದು ವರ್ಷ ಜೈಲು, ಸೇವೆಯಿಂದ ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವಿಚಾರಣೆಯಲ್ಲಿ ಪಕ್ಷಪಾತವಿತ್ತು, ಶಿಕ್ಷೆ ತಪ್ಪಿಗೆ ತಕ್ಕುದಾಗಿರಲಿಲ್ಲ ಎಂದಿತು. ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಕನ್ನಡಿಗರು ಹೆಮ್ಮೆಪಡಬೇಕಾದ ತೀರ್ಪು. ಆದರೆ ಆ ಪೀಠದವರೆಗೆ ಎಷ್ಟು ಸಿಪಾಯಿಗಳು ಹೋಗಬಲ್ಲರು?

2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಇಷ್ಟೊಂದು ಸೇನಾ ಕೇಂದ್ರಗಳಿರುವ ಬೆಂಗಳೂರಿನಲ್ಲಿ ಅದರ ಕಾಯಂ ಪೀಠವಿಲ್ಲ. ಇದ್ದರೂ ಮೂಲ ತೊಂದರೆ ಉಳಿಯುತ್ತದೆ. ಮೇಲ್ಮನವಿ ಕೇಳುವವರು ಓದುವುದು ಕೆಳಗಿನ ದಾಖಲೆಯನ್ನು. ಪಾಟೀಸವಾಲೇ ನಡೆಯದ ದಾಖಲೆಯಲ್ಲಿ ಸಾಕ್ಷಿ ಹೇಳಿದ್ದೆಲ್ಲ ಸತ್ಯವಾಗಿಯೇ ಕಾಣುತ್ತದೆ. ಆರೋಪಿಯ ಸಹಿಯೇ ಇಲ್ಲದ ತಪ್ಪೊಪ್ಪಿಗೆಗಳು ಹೈಕೋರ್ಟ್‌ಗಳಲ್ಲಿ ರದ್ದಾಗಿವೆ. ಹಾಗಾಗುವ ಹೊತ್ತಿಗೆ ಹುಡುಗ ಸಮವಸ್ತ್ರ ಕಳಚಿ ವರ್ಷಗಳಾಗಿರುತ್ತವೆ.

ಬ್ರಿಟನ್ನಿನಲ್ಲಿ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಹೋರಾಡಿದ್ದ ಫಿಂಡ್ಲೇ ಎಂಬ ಸೈನಿಕ ತನ್ನ ಕೋರ್ಟ್ ಮಾರ್ಷಲ್ ನಿಷ್ಪಕ್ಷಪಾತವಾಗಿರಲಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 1997ರಲ್ಲಿ ಗೆದ್ದ. ಅಲ್ಲಿಯವರು ಕಾಯ್ದೆ ಬದಲಿಸಿಕೊಂಡರು. ಅವರು ಇಲ್ಲಿ ಬಿಟ್ಟುಹೋದದ್ದನ್ನು ನಾವು ಇನ್ನೂ ಜೋಪಾನ ಮಾಡುತ್ತಿದ್ದೇವೆ.

ನಮ್ಮ ಸುಬೇದಾರ್ ಅಂಕಲ್ ಎರಡನೇ ವಿಚಾರಣೆಯ ಬಗ್ಗೆ ಹೇಳಿದ್ದು ಇಷ್ಟು: "ಒಪ್ಕೊಂಡ್ಬಿಡು, ಕಮ್ಮಿ ಆಗುತ್ತೆ ಅಂತ ಎಲ್ಲರೂ ಆ ಹುಡುಗನಿಗೆ ಹೇಳಿದ್ರು. ಒಪ್ಕೊಂಡ. ಕಮ್ಮಿ ಆಗಲಿಲ್ಲ. ಅವನು ನನ್ನ ಕಡೆ ನೋಡ್ದ, ನಾನು ಗೋಡೆ ಮೇಲಿದ್ದ ಕ್ಯಾಲೆಂಡರ್ ನೋಡ್ದೆ."

ಭಯೋತ್ಪಾದಕ ಕಸಬ್‌ಗೂ ನಾವು ವಕೀಲರನ್ನು ಕೊಟ್ಟೆವು. ಕೊಟ್ಟದ್ದು ಸರಿ. ಆ ಹುಡುಗನಿಗೆ ಕೊಡಲಿಲ್ಲ.

ಸಂಸತ್ತು ಹೊಸ ಕಾಯ್ದೆ ತರುವವರೆಗೆ ಕಾಯಬೇಕಾಗಿಯೂ ಇಲ್ಲ. 129ನೇ ನಿಯಮ ಮಾಡಿದ್ದು ಕೇಂದ್ರ ಸರ್ಕಾರ, 191ನೇ ಕಲಮಿನ ಅಧಿಕಾರದಲ್ಲಿ. ಅದೇ ಅಧಿಕಾರದಲ್ಲಿ ತಿದ್ದಬಹುದು. ಮಿತ್ರನಿಗೆ ಮಾತಾಡುವ, ಪಾಟೀಸವಾಲು ಮಾಡುವ ಹಕ್ಕು ಕೊಡಲಿ. ಹಣವಿಲ್ಲದ ಸಿಪಾಯಿಗೆ ಕಾನೂನು ನೆರವಿನಿಂದ ವಕೀಲರು ಸಿಗಲಿ. ತಪ್ಪೊಪ್ಪಿಗೆಗೆ ಮುಂಚೆ ಆ ವಕೀಲರು ಅವನ ಭಾಷೆಯಲ್ಲಿ ಪರಿಣಾಮ ವಿವರಿಸಿದ್ದಾರೆಂದು ದಾಖಲಾಗಲಿ. ಇಷ್ಟಾದ ಮೇಲೂ ಅವನು ತಪ್ಪಿತಸ್ಥನಾದರೆ ಶಿಕ್ಷೆಯಾಗಲಿ, ನನ್ನ ಅಭ್ಯಂತರವಿಲ್ಲ.

ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ಸೈನಿಕನ ಬಗ್ಗೆ ಪದ್ಯ ಬರೆಯುವ ಗೆಳೆಯರಿಗೆ ನನ್ನದೊಂದು ವಿನಂತಿ. ಈ ಸಲ ಪದ್ಯದ ಜೊತೆಗೆ ನಿಮ್ಮ ಸಂಸದರಿಗೆ ಒಂದು ಪತ್ರವನ್ನೂ ಬರೆಯಿರಿ. ನಿಯಮದ ಸಂಖ್ಯೆ 129.