ಜೀವಕೋಶಗಳ ಉತ್ತರಕ್ರಿಯೆ

‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿ’ ಎಂಬ ಕರೆ 2020ರ ಕೊರೋನಾ ಹಾವಳಿಯಿಂದೀಚೆಗೆ ಮುಂಬಯಿಯ ಔಷಧದಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದೆ. ಕಷಾಯದ ಪುಡಿಗೂ ಅದೇ ಹಣೆಪಟ್ಟಿ, ಲೇಹ್ಯಕ್ಕೂ ಅದೇ. ಈ ಶಕ್ತಿಯೆಂಬುದು ಹೊರಗಿನ ಶತ್ರುವಿನೊಡನೆ ಕಾದುವ ಸೈನ್ಯ, ಅದು ಬೆಳೆದಷ್ಟೂ ಕ್ಷೇಮ ಎಂಬ ಭಾವನೆ ಜನಮನದಲ್ಲಿ ಬೇರೂರಿದೆ. ಇದು ಅರ್ಧಸತ್ಯ, ಕೆಲವರ ಪಾಲಿಗಂತೂ ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ.

ನಮ್ಮ ಶರೀರದಲ್ಲಿ ದಿನವೊಂದಕ್ಕೆ ಸಾವಿರಾರು ಕೋಟಿ ಜೀವಕೋಶಗಳು ಸಾಯುತ್ತವೆ. ಕೆಂಪು ರಕ್ತಕಣದ ಆಯುಸ್ಸೇ ಸುಮಾರು 120 ದಿನ. ಇಷ್ಟೊಂದು ಶವಗಳನ್ನು ವಿಲೇವಾರಿ ಮಾಡುವವರು ಯಾರು? ಆ ಸೈನ್ಯಕ್ಕೇ ಸೇರಿದ ಭಕ್ಷಕಕೋಶಗಳು! 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಇಂಥ ಕೋಶಗಳು ಅದನ್ನು ಮುತ್ತುವುದನ್ನು ಕಂಡನು. ಆದರೆ ಅವುಗಳ ಮೌನಸೇವೆಯ ಮಹತ್ವ ತಿಳಿದುಬಂದುದು ಬಹಳ ತಡವಾಗಿ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಜೀವಕೋಶದ ಕ್ರಮಬದ್ಧವಾದ ಸಾವಿಗೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಎಲೆ ಉದುರುವುದನ್ನು ಸೂಚಿಸುವ ಮಾತು.

ಸಾಯಲಿರುವ ಕೋಶವು ತಾನೇ ಸೂಚನೆ ನೀಡುತ್ತದೆಂಬುದು ವಿಸ್ಮಯದ ಸಂಗತಿ. ಅದರ ಹೊದಿಕೆಯ ಒಳಮೈಯಲ್ಲಿದ್ದ ಫಾಸ್ಫಟೈಡಿಲ್‌ಸೆರೀನ್ ಎಂಬ ಕೊಬ್ಬಿನಂಶ ಹೊರಮೈಗೆ ಬರುತ್ತದೆ. ಭಕ್ಷಕಕೋಶವು ಆ ಗುರುತನ್ನು ಹಿಡಿದು ಬಂದು ನುಂಗುತ್ತದೆ. ಬಳಿಕ ಉರಿಯೂತವನ್ನು ತಣಿಸುವ ದ್ರವ್ಯಗಳನ್ನು ಸ್ರವಿಸುತ್ತದೆ. ರೋಗಾಣುವನ್ನು ನುಂಗಿದಾಗಿನ ಗದ್ದಲ ಇಲ್ಲಿಲ್ಲ.

ಈ ಉತ್ತರಕ್ರಿಯೆ ತಡವಾದರೆ ಶವ ಒಡೆದು, ಕೋಶಕೇಂದ್ರದ ಡಿ.ಎನ್.ಎ. ಹೊರಚೆಲ್ಲುತ್ತದೆ. ಕೆಲವರಲ್ಲಿ ಸೈನ್ಯವು ಅದನ್ನೇ ವೈರಿಯೆಂದು ಬಗೆದು ಪ್ರತಿಕಾಯಗಳನ್ನು ಹೂಡುತ್ತದೆ. ಲೂಪಸ್ ಎಂಬ ವ್ಯಾಧಿಯ ಒಂದು ಮೂಲ ಇದು. ಕೆನ್ನೆಗಳ ಮೇಲೆ ಚಿಟ್ಟೆಯಾಕಾರದ ಕೆಂಪು, ಕೀಲುನೋವು, ಬಿಡದ ಆಯಾಸ, ಕೆಲವರಿಗೆ ಮೂತ್ರಪಿಂಡಗಳಿಗೂ ಹಾನಿ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ‘ನಿಶ್ಶಕ್ತಿ’ ಎಂದು ಮನೆಯವರು ತಳ್ಳಿಹಾಕುವುದೂ ಇವರ ದೂರನ್ನೇ. ಶವ ವಿಲೇವಾರಿಗೆ ನೆರವಾಗುವ ಸಿ-1-ಕ್ಯೂ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರಲ್ಲಿ ಬಹುಪಾಲು ಮಂದಿಗೆ ಲೂಪಸ್ ಅಥವಾ ಅದನ್ನು ಹೋಲುವ ಕಾಯಿಲೆ ಬರುತ್ತದೆ. ಅಂಥವರು ವಿರಳ, ನಿಜ. ವಂಶಗುಣ, ಹಾರ್ಮೋನು ಮೊದಲಾದ ಬೇರೆ ಕಾರಣಗಳೂ ಉಂಟು. ಬಿಸಿಲು ಚರ್ಮದ ಕೋಶಗಳನ್ನು ಕೊಂದು ಶವಗಳ ರಾಶಿಯನ್ನು ಹೆಚ್ಚಿಸುವುದರಿಂದ ಈ ರೋಗಿಗಳು ಕೊಡೆಯಿಲ್ಲದೆ ಹೊರಡಬಾರದು.

ಇಂಥವರಿಗೆ ಸೈನ್ಯವನ್ನು ಇನ್ನಷ್ಟು ಕೆರಳಿಸುವ ಪುಡಿಗಳಿಂದ ಏನು ಪ್ರಯೋಜನ? ನೆರೆಮನೆಯವರ ಮಾತು ಕೇಳಿ ವೈದ್ಯರ ಗುಳಿಗೆಯನ್ನು ಬಿಟ್ಟು ಲೇಹ್ಯಕ್ಕೆ ತಿರುಗಿದರೆ ಅಡಗಿದ್ದ ರೋಗ ಮರುಕಳಿಸಬಹುದು. ಲೂಪಸ್‌ಗೆ ಬಹುಕಾಲದಿಂದ ಆಸರೆಯಾಗಿರುವುದು ಹೈಡ್ರಾಕ್ಸಿಕ್ಲೋರೋಕ್ವಿನ್. 2020ರ ಮಾರ್ಚಿನಲ್ಲಿ ಅದು ಕೊರೋನಾವನ್ನು ತಡೆಯುವುದೆಂಬ ಸುದ್ದಿ ಹಬ್ಬಿತು. ಆರೋಗ್ಯವಂತರು ಕೊಂಡು ಕೂಡಿಟ್ಟರು, ನಿಜವಾದ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆದರು. ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಅದರಿಂದ ಗುಣವಿಲ್ಲವೆಂದು ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ಸಾರಿದ್ದು ಅದೇ ವರ್ಷದ ಜೂನ್‌ನಲ್ಲಿ.